ಎರಡು ತಾಸಿನ ಗೀಟು

ಹೋದ ತಿಂಗಳು ಮಾನ್ವಿಯಲ್ಲಿ ನನಗೆ ಕೆಲಸ ಕಲಿಸಿದ ಅಕ್ಕೋರು ತೀರಿಕೊಂಡರು. ಸುದ್ದಿ ಬಂದ ಕೂಡಲೇ ರಾಯಚೂರಿನಿಂದ ಸಿಕ್ಕಿದ ಬಸ್ಸು ಹತ್ತಿ ಹೋದೆ. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯುವ ಕೆಲಸಕ್ಕೆ ಮನೆಯ ಹೆಂಗಸರ ಜೊತೆ ನಾನೂ ಕೈ ಹಾಕಿದೆ. ಎಲ್ಲರೂ ಅವರ ಮುಖ ನೋಡಿ ಅಳುತ್ತಿದ್ದರು. ನಾನು ಮಾತ್ರ ಮೊದಲು ಅವರನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ನೋಡಿದೆ. ಆಮೇಲೆ ಸೊಂಟದ ಎರಡೂ ಎಲುಬು, ಆಮೇಲೆ ಹಿಮ್ಮಡಿ. ಏಳು ತಿಂಗಳು ಹಾಸಿಗೆ ಹಿಡಿದಿದ್ದ ಮುದುಕಿಯ ಮೈಮೇಲೆ ಒಂದು ಹುಣ್ಣಿಲ್ಲ, ಹುಣ್ಣಾಗಿ ಮಾಯ್ದ ಕಲೆಯೂ ಇಲ್ಲ. ಆಗ ನನಗೆ ಅಳು ಬಂತು. ಇವಳಿಗೇನು ತಲೆ ಕೆಟ್ಟಿದೆಯೋ ಎಂಬಂತೆ ಪಕ್ಕದ ಹೆಂಗಸು ನನ್ನನ್ನು ನೋಡಿದಳು. ಅವಳಿಗೆ ವಿವರಿಸುವ ಹೊತ್ತು ಅದಾಗಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ. ರಾಯಚೂರಿನ ಹತ್ತಿ ವ್ಯಾಪಾರಿಗಳು ನಾಲ್ಕು ಜನ ಕೂಡಿ ಊರ ಅಂಚಿಗೆ ಒಂದು ಸಣ್ಣ ದವಾಖಾನೆ ಕಟ್ಟಿಸಿದ್ದರು. ಹದಿನೆಂಟು ಮಂಚ, ಒಬ್ಬ ಡಾಕ್ಟರು, ಮೂವರು ನರ್ಸುಗಳು. ನಾನು ಗುಂಜಹಳ್ಳಿಯ ಕೂಲಿಯವರ ಮಗಳು. ನಮ್ಮ ಕೇರಿಯಿಂದ ಸಂಬಳದ ಕೆಲಸಕ್ಕೆ ಬಂದವಳು ನಾನೇ ಮೊದಲು. ಮಿಶನ್ನಿನವರ ಶಾಲೆಯಲ್ಲಿ ಐದನೆಯ ಇಯತ್ತೆ ಕಲಿತಿದ್ದೆ ಎಂಬುದೇ ನನ್ನ ದೊಡ್ಡಸ್ತಿಕೆ. ಬಿಳಿ ಸೀರೆ ಉಟ್ಟುಕೊಂಡು ಹೋದ ಮೊದಲನೆಯ ದಿನ ಹಿರಿಯ ನರ್ಸಾಗಿದ್ದ ಅವರು ನನ್ನನ್ನು ಒಬ್ಬ ರೋಗಿಯ ಹತ್ತಿರ ಕರೆದೊಯ್ದು, "ಇವನಿಗೆ ಜ್ವರ ಅದ ಏನು?" ಎಂದರು. ನಾನು ಮಂಚಕ್ಕೆ ತೂಗುಹಾಕಿದ್ದ ಕಾಗದ ಓದಿ, "ಅದರೀ" ಎಂದೆ.

"ಯಾರು ಹೇಳಿದ್ರು?"

"ಕಾಗದದಾಗ ಬರದದರೀ."

"ಕಾಗದಕ್ಕ ಜ್ವರ ಬಂದದ, ಬಿಡು. ಮನಿಷ್ಯಾಗ ಬಂದದೇನು ನೋಡು. ಎರಡು ಕಣ್ಣು ಕೊಟ್ಟಾನ ದೇವ್ರು, ಬಾಡಿಗಿಗಿ ಬಿಟ್ಟೀ ಏನು?"

ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು. ಕಾಗದ ಹಿಂದಿನ ದಿನದ್ದು.

ಅವರು ಚೀಕಲಪರ್ವಿಯವರು, ನದಿ ದಂಡೆಯ ಹಳ್ಳಿ. ಚಿಕ್ಕಂದಿನಲ್ಲೇ ಗಂಡ ಸತ್ತು, ಹೈದರಾಬಾದಿಗೆ ಹೋಗಿ ದಾದಿ ಕೆಲಸ ಕಲಿತು ಬಂದಿದ್ದರು. ಎತ್ತರದ ಹೆಂಗಸು, ತುಸು ಗೂನು ಬೆನ್ನು, ತುರುಬಿನಲ್ಲಿ ಹೂವಿರಬೇಕಾದ ಜಾಗದಲ್ಲಿ ಒಂದು ಮೋಟು ಪೆನ್ಸಿಲು. ರೋಗಿಗಳು ಅವರನ್ನು ನರ್ಸಮ್ಮ ಎನ್ನುತ್ತಿರಲಿಲ್ಲ, ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸಿಗೆ ಹಾಗನ್ನುತ್ತಾರೆ. ಅವರು ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳಿ ಕೇಳಿ ಜೀವ ತಿನ್ನುತ್ತಿದ್ದರು. "ಯಾರು ಹೇಳಿದ್ರು? ನೀ ನೋಡಿದಿ ಏನು?" ಈ ಎರಡು ಮಾತು ದಿನಕ್ಕೆ ಹತ್ತು ಸಲ ನಮ್ಮ ಕಿವಿಗೆ ಬೀಳುತ್ತಿದ್ದವು. ಡಾಕ್ಟರ ಕಿವಿಗೂ ಬೀಳುತ್ತಿದ್ದವು, ಅಲ್ಲಿ ಮಾತ್ರ ಸ್ವಲ್ಪ ಮೆತ್ತಗೆ.

ಅವರ ಹತ್ತಿರ ಒಂದು ದಪ್ಪ ವಹಿ ಇತ್ತು. ಹಳೆಯ ಕ್ಯಾಲೆಂಡರುಗಳ ಬೆನ್ನಿನ ಬಿಳಿ ಹಾಳೆಗಳನ್ನು ಕತ್ತರಿಸಿ ತಾವೇ ಹೊಲಿದದ್ದು. ಔಷಧದ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಪಡುವಣ ಗೋಡೆಯ ಕಡೆ ಮಲಗಿದವರು ಗಂಜಿ ಯಾಕೆ ಉಳಿಸುತ್ತಾರೆ, ಇಂಥವು. ಇದನ್ನು ಕಂಡುಹಿಡಿಯುವುದಕ್ಕೆ ಅವರು ಹದಿನೈದು ದಿನ ಬಟ್ಟಲುಗಳ ತಳ ನೋಡಿ ಬರೆದಿದ್ದರು. ಕೊನೆಗೆ ತಿಳಿದದ್ದು, ಮಲಮೂತ್ರದ ಪಾತ್ರೆಗಳನ್ನು ಇಡುವ ಕೋಣೆಯ ಗಾಳಿ ಸರಿಯಾಗಿ ಊಟದ ಹೊತ್ತಿಗೆ ಆ ಕಿಟಕಿಯಿಂದ ಬರುತ್ತದೆ ಎಂದು. ಪಾತ್ರೆಗಳು ಹಿತ್ತಲ ಆಚೆ ಹೋದವು, ಬಟ್ಟಲುಗಳು ಖಾಲಿಯಾಗಿ ಬರತೊಡಗಿದವು. ಇಷ್ಟೇನಾ ಎಂದು ನಾನು ಮನಸ್ಸಿನಲ್ಲಿ ನಕ್ಕಿದ್ದೆ. ಆಗ ನನಗೆ ಸಂಶೋಧನೆ ಎಂಬ ಶಬ್ದ ಗೊತ್ತಿರಲಿಲ್ಲ, ಅವರಿಗೂ ಗೊತ್ತಿತ್ತೋ ಇಲ್ಲವೋ.

ಅವರ ಹತ್ತಿರ ಹರಿದ ಇಂಗ್ಲಿಷ್ ಪುಸ್ತಕವೊಂದಿತ್ತು, ರೋಗಿಗಳ ಸೇವೆಯ ಬಗ್ಗೆ. ಭಾನುವಾರ ಸ್ಟೇಶನ್ನಿನ ಗುಮಾಸ್ತರೊಬ್ಬರಿಂದ ಅದನ್ನು ಓದಿಸಿ ಅರ್ಥ ಕೇಳುತ್ತಿದ್ದರು. ಬೆನ್ನಿಗೆ ದಿನಾಲೂ ಸ್ಪಿರಿಟ್ ತಿಕ್ಕಬೇಕೆಂದು ಅದರಲ್ಲಿತ್ತು. ಅಕ್ಕೋರು ಒಬ್ಬ ರೋಗಿಯ ಬೆನ್ನಿನ ಬಲಗಡೆ ಸ್ಪಿರಿಟ್ಟು, ಎಡಗಡೆ ಕುಸುಬಿ ಎಣ್ಣೆ ತಿಕ್ಕಿ ಒಂದು ತಿಂಗಳು ನೋಡಿದರು. ಬಲಗಡೆ ಬೇಸಿಗೆಯ ಎರೆಹೊಲದಂತೆ ಬಿರಿಯಿತು. "ಪುಸ್ತಕ ಬರದಾಕಿ ರಾಯಚೂರು ಬಿಸಲಾಗ ಒಂದಿನ ನಿಂತಿಲ್ಲ" ಎಂದು ನಕ್ಕರು. ಪುಸ್ತಕವನ್ನು ಮಾತ್ರ ಬಿಸಾಡಲಿಲ್ಲ, ಆ ಪುಟದ ಅಂಚಿಗೆ ತಮ್ಮ ಎಣ್ಣೆಯ ವಿಷಯ ಬರೆದಿಟ್ಟರು.

ಒಳ್ಳೆಯವರು ಎಂದು ಹೇಳಿ ಮುಗಿಸುವಂಥ ಹೆಂಗಸಲ್ಲ ಅವರು. ಬಾಯಿ ಜೋರು. ಹಸಿದು ಬಂದವರಿಗೆ ಉಣ್ಣು ಎನ್ನುವ ಮೊದಲು ಕೈ ತೊಳೆದೆಯಾ ಎಂದು ಕೇಳುವವರು. ನಾನು ಅವರಿಗೆ ಹೆದರುತ್ತಿದ್ದೆ. ಆ ಹೆದರಿಕೆಯೇ ಒಂದು ದಿನ ನನ್ನ ಕೈಯಿಂದ ಕೆಟ್ಟ ಕೆಲಸ ಮಾಡಿಸಿತು.

ಆ ವರ್ಷದ ಮಳೆಗಾಲಕ್ಕೆ ದೇವದುರ್ಗದ ಕಡೆಯಿಂದ, ಗೂಗಲ್ಲು ಎಂಬ ಊರಿಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ತಿಮ್ಮಣ್ಣ ಎಂಬವನನ್ನು ಬಂಡಿಯಲ್ಲಿ ತಂದರು. ಜಡಿಮಳೆಗೆ ಮಣ್ಣಿನ ಮಾಳಿಗೆ ಕುಸಿದು ತೊಲೆ ಬೆನ್ನ ಮೇಲೆ ಬಿದ್ದಿತ್ತು. ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಜೊತೆಗೆ ಹೆಂಡತಿ ಈರಮ್ಮ. ಇಬ್ಬರಿಗೂ ಮೂವತ್ತು ದಾಟಿರಲಿಲ್ಲ.

ಡಾಕ್ಟರು ನೋಡಿ ಹೊರಗೆ ಬಂದು, "ಎರಡು ತಿಂಗಳು" ಎಂದರು. ಬೆನ್ನು ಮುರಿದವರು ಮೊದಲೂ ಬಂದಿದ್ದರು. ಒಬ್ಬರೂ ಉಳಿದಿರಲಿಲ್ಲ. ಮೊದಲು ಸೊಂಟದಲ್ಲಿ ಕೆಂಪು, ಆಮೇಲೆ ಹುಣ್ಣು, ಹುಣ್ಣು ಎಲುಬು ಕಾಣುವವರೆಗೆ ಇಳಿದು, ಜ್ವರ ಬಂದು ಹೋಗುತ್ತಿದ್ದರು.

"ನರ ಸತ್ತ ಮ್ಯಾಲೆ ಚರ್ಮಾನೂ ಸಾಯ್ತದ. ಹುಣ್ಣು ಒಳಗಿಂದ ಬರ್ತದ. ಅದಕ್ಕ ಯಾರೂ ಏನೂ ಮಾಡಾಕ ಬರಂಗಿಲ್ಲ" ಎಂದರು ಡಾಕ್ಟರು. ಅವರು ಕೆಟ್ಟವರಲ್ಲ. ಓದಿದ್ದನ್ನು ಹೇಳುತ್ತಿದ್ದರು.

ಅಕ್ಕೋರು ಸೀರೆಯ ಸೆರಗು ಬಿಗಿದುಕೊಂಡರು. "ಒಳಗಿಂದ ಬರ್ತಿದ್ರ ತೊಡಿ ಮ್ಯಾಗೂ ಬರಬೇಕಿತ್ತಲ್ರೀ. ಎಲುಬು ಹಾಸಿಗಿಗೆ ಒತ್ತೋ ಕಡೆನ ಯಾಕ ಬರ್ತದ? ನನಗ ಎರಡು ತಿಂಗಳು ಕೊಡ್ರಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ನೋಡ್ತೀನಿ. ಆದ್ರೂ ಹುಣ್ಣಾತಂದ್ರ ನೀವು ಹೇಳಿದ್ದು ಖರೆ."

ಡಾಕ್ಟರು ಲೆಕ್ಕ ಹಾಕಿದರು. ಎರಡು ತಾಸಿಗೊಮ್ಮೆ ಎಂದರೆ ಹಗಲೂ ರಾತ್ರಿಯೂ ಇದೇ ಕೆಲಸಕ್ಕೆ ಒಂದು ಕೈ ಬೇಕು, ಹದಿನೆಂಟರಲ್ಲಿ ಒಂದು ಮಂಚ ಕಟ್ಟಿಹಾಕಿದಂತೆ. ಕೊನೆಗೆ, "ಹುಣ್ಣು ಕಂಡ ದಿನ ಊರಿಗೆ ಕಳಿಸೋದು. ಆಮ್ಯಾಲೆ ಇಂಥವರಿಗೆ ಈ ಕೆಲಸ ಮಾಡ್ಸೋದು ಬ್ಯಾಡ" ಎಂದು ಒಪ್ಪಿಕೊಂಡರು. ಈರಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದಳು.

ನಮ್ಮ ವಾರ್ಡಿನಲ್ಲಿ ಗಡಿಯಾರ ಇರಲಿಲ್ಲ. ಇದ್ದದ್ದು ರಿಪೇರಿಗೆ ಹೈದರಾಬಾದಿಗೆ ಹೋಗಿ ಅಲ್ಲೇ ಉಳಿದಿತ್ತು. ಹಾಗಾಗಿ ಅಕ್ಕೋರು ಊರನ್ನೇ ಗಡಿಯಾರ ಮಾಡಿಕೊಂಡರು. ಬೆಳಿಗ್ಗೆ ಆರಕ್ಕೆ, ಎಂಟಕ್ಕೆ ಹತ್ತಿ ಗಿರಣಿಯ ಭೋಂಗಾ, ಅಂದರೆ ಸೈರನ್ನು. ಹತ್ತಕ್ಕೆ ಮದ್ರಾಸಿನ ಕಡೆಯ ರೈಲಿನ ಕೂಗು. ಹನ್ನೆರಡಕ್ಕೆ, ಎರಡಕ್ಕೆ ಮತ್ತೆ ಭೋಂಗಾ. ನಾಲ್ಕಕ್ಕೆ ಶಾಲೆ ಬಿಡುವ ಗಂಟೆ. ಸಂಜೆ ಆರರಿಂದ ರಾತ್ರಿಯಿಡೀ ಪಹರೆಯವರು ಹೊಡೆಯುವ ತಾಸಿನ ಗಂಟೆ. ಪ್ರತಿ ಸದ್ದಿಗೂ ತಿಮ್ಮಣ್ಣನನ್ನು ಎಡಕ್ಕೆ, ಬೆನ್ನ ಮೇಲೆ, ಬಲಕ್ಕೆ ಎಂದು ಸರದಿಯ ಮೇಲೆ ಹೊರಳಿಸಬೇಕು, ಒತ್ತಿದ ಜಾಗವನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ದುಡಿದ ಅಂಗೈ ದಡ್ಡು, ಅದಕ್ಕೆ ಬಿಸಿ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಆಮೇಲೆ ಮಂಚದ ಕಾಲಕಡೆ ಅಂಟಿಸಿದ ಹಾಳೆಯ ಮೇಲೆ ಒಂದು ಗೀಟು ಎಳೆಯಬೇಕು.

"ತಪ್ಪಿದ್ರ ಖಾಲಿ ಬಿಡು" ಎಂದು ನನಗೆ ಮೊದಲ ದಿನವೇ ಹೇಳಿದ್ದರು. "ಖಾಲಿ ಬಿಟ್ಟಿದ್ದಕ್ಕ ನಾ ಬೈಯಂಗಿಲ್ಲ. ಹೊರಳಿಸದ ಗೀಟು ಎಳದಿ ಅಂದ್ರ ಮಾತ್ರ ನಿನ್ನ ಮಾರಿ ನೋಡಂಗಿಲ್ಲ."

ಮೂವತ್ತು ದಿನ ಕಳೆಯಿತು, ಮೂವತ್ತೈದು ಕಳೆಯಿತು. ಚರ್ಮ ಎಲ್ಲೂ ಕೆಂಪಾಗಲಿಲ್ಲ. ಡಾಕ್ಟರು ಒಂದು ದಿನ ತಾವೇ ಬಂದು ಬಗ್ಗಿ ನೋಡಿ ಹೋದರು. ಅಕ್ಕೋರ ನಡಿಗೆಯಲ್ಲಿ ಒಂದು ಹುರುಪು ಬಂದಿತ್ತು.

ಆಗ ಊರಲ್ಲಿ ಗಡಿಬಿಡಿಯ ದಿನಗಳು. ರಾಜ್ಯ ಯಾರದಾಗುತ್ತದೆ, ದಂಡು ಯಾವ ಕಡೆಯಿಂದ ಬರುತ್ತದೆ ಎಂದು ಮೂಲೆ ಮೂಲೆಯಲ್ಲಿ ಪಿಸುಮಾತು. ಅಂಗಡಿಗಳು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ ಹೇಳುವಂತಿರಲಿಲ್ಲ. ಆ ದಿನ ಮೋಡ ಕವಿದಿತ್ತು. ಅಕ್ಕೋರು ಪೇಟೆಯ ಒಂದು ಮನೆಗೆ ಹೆರಿಗೆಗೆ ಹೋದವರು ದಾರಿ ಬಂದ್ ಆಗಿ ಅಲ್ಲೇ ಸಿಕ್ಕಿಬಿದ್ದರು. ಡಾಕ್ಟರೂ ಇನ್ನೊಬ್ಬ ನರ್ಸೂ ಬಂದಿರಲಿಲ್ಲ. ಈರಮ್ಮ ಬಟ್ಟೆ ಒಗೆಯಲು ಹಿತ್ತಲ ಬಾವಿಗೆ ಹೋದವಳು ಹೆದರಿ ಅಡುಗೆಮನೆ ಸೇರಿದ್ದಳು. ಹತ್ತರ ರೈಲು ಕೂಗಿತು. ನಾನು ತಿಮ್ಮಣ್ಣನನ್ನು ಎಡಕ್ಕೆ ಹೊರಳಿಸಿ ಗೀಟು ಎಳೆದು, ಕಿಟಕಿಗೆ ಬಂದು ನಿಂತೆ.

ನಿಂತೇ ಇದ್ದೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ದೂರದಲ್ಲಿ ಜನರ ಗದ್ದಲ ಏರುತ್ತಿತ್ತು, ಇಳಿಯುತ್ತಿತ್ತು. ಗುಂಜಹಳ್ಳಿಯಲ್ಲಿ ಅವ್ವ ಹೇಗಿದ್ದಾಳೋ ಎಂದು ಆ ಕಡೆಯ ದಾರಿ ನೋಡುತ್ತಿದ್ದೆ. ಕಿವಿಯನ್ನು ಮಾತ್ರ ಭೋಂಗಾಕ್ಕೆ ಇಟ್ಟಿದ್ದೆ. ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿಸಿತು. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಹನ್ನೆರಡರ ಭೋಂಗಾ ಇನ್ನೂ ಆಗಬೇಕಲ್ಲ ಎಂದುಕೊಂಡೆ. ಗಿರಣಿ ಆ ದಿನ ಬಾಗಿಲೇ ತೆರೆದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಶಾಲೆಯೂ ಇರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಮತ್ತೆ ಬಾಂಗು ಕೇಳಿಸಿದಾಗ ಹೊತ್ತು ಮೀರಿದ್ದು ತಿಳಿಯಿತು. ಓಡಿಹೋಗಿ ಹೊರಳಿಸಿದೆ. ಎಡ ಸೊಂಟದ ಎಲುಬಿನ ಮೇಲೆ ಅಂಗೈ ಅಗಲ ಕಪ್ಪು ಕೆಂಪು. ತಿಮ್ಮಣ್ಣ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದ, ಅವನಿಗೆ ನೋವು ತಿಳಿಯುವಂತಿರಲಿಲ್ಲವಲ್ಲ.

ಆರು ತಾಸು. ಹಾಳೆಯ ಮೇಲೆ ಎರಡು ಜಾಗ ಖಾಲಿ. ಬಾಗಿಲ ಹತ್ತಿರ ಅಕ್ಕೋರ ದನಿ ಕೇಳಿಸಿತು. ನಾನು ಪೆನ್ಸಿಲು ತೆಗೆದುಕೊಂಡು ಎರಡೂ ಗೀಟು ಎಳೆದುಬಿಟ್ಟೆ. ಸಂಜೆಯದನ್ನೂ ಸೇರಿಸಿ ಮೂರು. ಒಂದಕ್ಕಿಂತ ಒಂದು ನೆಟ್ಟಗಿದ್ದವು.

ಐದನೆಯ ದಿನಕ್ಕೆ ಚರ್ಮ ಒಡೆಯಿತು. ಆ ಐದು ದಿನ ನಾನು ಉಂಡದ್ದು ನೆನಪಿಲ್ಲ. ಅಕ್ಕೋರು ಬೈಯುತ್ತಾರೆ, ಯಾರನ್ನಾದರೂ ಅನುಮಾನಿಸುತ್ತಾರೆ ಎಂದು ಕಾದಿದ್ದೆ. ಅವರು ಯಾರನ್ನೂ ಅನುಮಾನಿಸಲಿಲ್ಲ. ತಮ್ಮನ್ನೇ ಅನುಮಾನಿಸಿಕೊಂಡರು. ಮಂಚದ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ಹಾಳೆಯ ಗೀಟುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಹಾಸಿಗೆಯ ಹತ್ತಿ ಬಿಚ್ಚಿಸಿ ಗಂಟು ಹುಡುಕಿದರು. ಒಗೆದ ಬಟ್ಟೆ ಮೂಸಿ ನೋಡಿದರು. "ಮೂರೂ ಮಗ್ಗಲು ಸರೀಸಮ ಮಲಗ್ಯಾನ. ಎಡಕ್ಕಷ್ಟ ಯಾಕ ಆತು?" ಎಂದು ನನ್ನನ್ನೇ ಕೇಳಿದರು. ನಾನು ಗೊತ್ತಿಲ್ರೀ ಎಂದೆ. ಅದು ನನ್ನ ಎರಡನೆಯ ಸುಳ್ಳು.

ಗುರುವಾರ ಡಾಕ್ಟರು ತಿಮ್ಮಣ್ಣನನ್ನು ನೋಡಲು ಬರುವವರಿದ್ದರು. ಬುಧವಾರ ಮಧ್ಯಾಹ್ನ ಅಕ್ಕೋರು ವಹಿ ತೆರೆದು ಬರೆಯುವುದನ್ನು ನಾನು ಹಿಂದಿನಿಂದ ಓದಿದೆ. "ಎರಡು ತಾಸಿಗೊಮ್ಮೆ ತಪ್ಪದೆ ಹೊರಳಿಸಿದರೂ ಹುಣ್ಣಾಯಿತು. ಡಾಕ್ಟರು ಹೇಳಿದ್ದು ಸರಿ ಇರಬೇಕು. ನಾನು ತಿಳಿದದ್ದು ತಪ್ಪು." ಅಕ್ಷರ ಎಂದಿನಂತೆ ದುಂಡಗಿತ್ತು. ಬರೆದು ಮುಗಿಸಿ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳಲು ಹೋದರು, ಕೈ ಎರಡು ಸಲ ತಪ್ಪಿತು.

ಆಗಲೂ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ನಾಳೆಯಿಂದ ಮತ್ತೆ ಪರರ ಹೊಲದಲ್ಲಿ ಹತ್ತಿ ಬಿಡಿಸುವುದು. ಕೇರಿಯಲ್ಲಿ ಅಪ್ಪ ತಲೆ ಎತ್ತಿ ತಿರುಗುತ್ತಿದ್ದದ್ದು ನಿಲ್ಲುತ್ತದೆ. ಇದನ್ನೆಲ್ಲ ನಾನು ಯೋಚಿಸಿದ್ದು ನಿಜ. ಯೋಚಿಸಲಿಲ್ಲ ಎಂದರೆ ಅದು ಮೂರನೆಯ ಸುಳ್ಳಾಗುತ್ತದೆ.

ಗುರುವಾರ ಡಾಕ್ಟರು ಗಾಯ ನೋಡಿದರು, ವಹಿ ಓದಿದರು. ಗೆದ್ದ ಖುಷಿ ಅವರ ಮುಖದಲ್ಲಿರಲಿಲ್ಲ. "ಆತು ಬಿಡ್ರಿ ಅಕ್ಕೋರೆ. ನೀವು ಮಾಡೋದು ಮಾಡಿದ್ರಿ. ಬಂಡಿಗೆ ಹೇಳಿ ಕಳಿಸ್ರಿ. ಇನ್ನ ಮುಂದ ಇಂಥಾ ರೋಗಿ ಬಂದ್ರ ಸುಮ್ನ ಮನುಷ್ಯಾರನ್ನ ದಣಿಸೋದು ಬ್ಯಾಡ."

ಈರಮ್ಮ ಮಂಚದ ಕಾಲು ಹಿಡಿದು ಕೂತುಬಿಟ್ಟಳು. ಅಕ್ಕೋರು ತಲೆ ಅಲ್ಲಾಡಿಸಿ, ಕಾಲಕಡೆ ಅಂಟಿಸಿದ್ದ ಹಾಳೆಯನ್ನು ಕೀಳಲು ಕೈ ಹಾಕಿದರು. ಇನ್ನು ಮುಂದೆ ಎಂದರೆ ಎಷ್ಟು ಜನ? ಮಾಳಿಗೆಗಳು ಬೀಳುತ್ತಲೇ ಇರುತ್ತವೆ. ನನ್ನ ಎರಡು ಗೀಟು ಅವರೆಲ್ಲರ ಬೆನ್ನ ಮೇಲೆ ಬೀಳುತ್ತವೆ ಎಂದು ಆಗ ನನಗೆ ಕಂಡಿತು. ಧೈರ್ಯದಿಂದ ಹೇಳಿದೆ ಎನ್ನಲಾರೆ. ತಡೆಯಲಾರದೆ ಹೇಳಿದೆ.

"ಕೀಳಬ್ಯಾಡ್ರೀ. ಆ ಎರಡು ಗೀಟು ಸುಳ್ಳರೀ. ಅವತ್ತ ಭೋಂಗಾ ಆಗಲಿಲ್ಲರೀ. ನಾ ಹೊರಳಿಸಲಿಲ್ಲ. ಹತ್ತರಿಂದ ಸಂಜಿತನಕ ಎಡಕ್ಕ ಮಲಗಿದ್ದ."

ಅಕ್ಕೋರು ನನ್ನ ಮುಖ ನೋಡಲಿಲ್ಲ, ಹಾಳೆಯ ಕಡೆ ಬಗ್ಗಿದರು. "ಯಾವ ಎರಡು?" ತೋರಿಸಿದೆ.

ಡಾಕ್ಟರಿಗೆ ಸಿಟ್ಟು ಬಂತು. "ಇಂಥಾಕಿನ್ನ ಒಂದಿನ ಇಟ್ಕೋಬಾರದು."

"ಆಕಿನ್ನ ಕಳಿಸಿದ್ರ," ಎಂದರು ಅಕ್ಕೋರು, ಇನ್ನೂ ಹಾಳೆ ನೋಡುತ್ತಲೇ, "ಉಳದಾಕಿಯರು ಬಾಯಿ ಮುಚ್ಚಿಕೊಂಡು ಗೀಟು ಎಳಿಯೋದು ಕಲಿತಾರ್ರೀ. ಆಗ ನನ್ನ ವಹಿ ಒಲಿಗೆ ಹಾಕಬೇಕಾಗ್ತದ. ಆಕಿ ಇರ್ಲಿ."

ಆಮೇಲೆ ವಹಿ ತೆರೆದರು. ಬುಧವಾರ ಬರೆದದ್ದನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೇ ಬರೆದರು. "ಮೇಲಿನದು ತಿಳಿಯದೆ ಬರೆದದ್ದು. ಒಂದು ದಿನ ಆರು ತಾಸು ಎಡಕ್ಕೇ ಮಲಗಿದ್ದ. ಎಡಕ್ಕೇ ಹುಣ್ಣು. ಬೆನ್ನಿಗೂ ಬಲಕ್ಕೂ ಇಲ್ಲ." ವಹಿಯನ್ನು ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಬಂಡಿಗೆ ಹೇಳಿಕಳಿಸಬೇಡಿ ಎಂದಷ್ಟೇ ಹೇಳಿ ಹೊರಗೆ ಹೋದರು.

ಮುಗಿಯಿತು ಎಂದುಕೊಂಡೆ. ಅಕ್ಕೋರು ತೋಳು ಹಿಡಿದು ನನ್ನನ್ನು ತಿಮ್ಮಣ್ಣನ ತಲೆಯ ಕಡೆಗೆ ತಂದು ನಿಲ್ಲಿಸಿದರು. "ನಮಗ ಹೇಳಿದ್ದು ಸಾಲಂಗಿಲ್ಲ. ಮೈ ಅವಂದು. ಅವನಿಗಿ ಹೇಳು."

ಡಾಕ್ಟರ ಮುಂದೆ ಹೇಳಿದ್ದಕ್ಕಿಂತ ಅದು ಕಷ್ಟವಾಯಿತು. ಹೇಳಿದೆ. ತಿಮ್ಮಣ್ಣ, "ನಾನೂ ಅವತ್ತ ಭೋಂಗಾಕ್ಕ ಕಿವಿಗೊಟ್ಟು ಮಲಗಿದ್ನೆವ್ವಾ. ಗಿರಣಿ ಯಾಕ ಕೂಗವಲ್ದು, ಹೊರಗ ಏನಾಗಾಕತ್ತದ ಅಂತ ಅದ ಚಿಂತಿ. ಹೊರಳಸವ್ವಾ ಅನ್ನೋದು ನನಗೂ ನೆಪ್ಪಾಗಲಿಲ್ಲ" ಎಂದ. ಈರಮ್ಮ ಹಾಗೆ ಏನೂ ಹೇಳಲಿಲ್ಲ. ಅವಳು ಆ ದವಾಖಾನೆಯಲ್ಲಿ ಇದ್ದಷ್ಟು ದಿನ ನನ್ನ ಜೊತೆ ಮಾತಾಡಲಿಲ್ಲ, ನಾನು ತಂದ ನೀರು ಮುಟ್ಟಲಿಲ್ಲ. ನನಗೆ ಅದು ಸರಿಯೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

"ಆ ಗಾಯ ಇನ್ನ ನಿಂದು" ಎಂದರು ಅಕ್ಕೋರು. ದಿನಾ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ನಾನೇ ಕಟ್ಟು ಕಟ್ಟಿದೆ. ವಾರಕ್ಕೊಮ್ಮೆ ಕುದಿಸಿದ ನೂಲಿನಿಂದ ಗಾಯದ ಅಗಲ ಅಳೆದು, ಆ ನೂಲನ್ನು ಮತ್ತೆ ಕುದಿಸಿ ಒಣಗಿಸಿ ವಹಿಗೆ ಅಂಟಿಸಿದೆ. ಮೊದಲ ಮೂರು ವಾರ ನೂಲು ಉದ್ದವಾಗುತ್ತಲೇ ಹೋಯಿತು. ಜ್ವರವೂ ಬಂತು. ಒಂದು ವಾರ ಅವನು ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡೆವು. ನಾಲ್ಕನೆಯ ವಾರ ನೂಲು ಮೊದಲಿನಷ್ಟೇ ಇತ್ತು. ಐದನೆಯ ವಾರ ಒಂದು ಕಡ್ಡಿಯ ದಪ್ಪದಷ್ಟು ಕಡಿಮೆಯಾಗಿತ್ತು. ನಾನು ಅದನ್ನು ಹಿಡಿದುಕೊಂಡು ಅಕ್ಕೋರ ಹತ್ತಿರ ಓಡಿದೆ. ಅವರು ನೋಡಿ, "ಎಳದು ಹಿಡದಿಲ್ಲ ಹೌದಲ್ಲ?" ಎಂದರು. ಮತ್ತೊಮ್ಮೆ ಅಳೆಸಿದರು. ಅಷ್ಟೇ ಇತ್ತು. ಆಗ ಮೊದಲ ಸಲ ನನ್ನ ಮುಖ ನೋಡಿದರು.

ಅಷ್ಟರೊಳಗೆ ಊರಿಗೆ ದಂಡು ಬಂದು, ರಾಜ್ಯ ಬದಲಾಗಿ, ಗಿರಣಿ ಮತ್ತೆ ಕೂಗತೊಡಗಿತ್ತು. ಅಕ್ಕೋರು ಅದನ್ನು ನೆಚ್ಚಲಿಲ್ಲ. ವ್ಯಾಪಾರಿಗಳ ಮನೆ ಮನೆಗೆ ಹೋಗಿ ಜಗಳಾಡಿ ವಾರ್ಡಿಗೆ ಒಂದು ಗಡಿಯಾರ ತಂದರು. ತಿಮ್ಮಣ್ಣ ಮುಂದಿನ ಬೇಸಿಗೆಗೆ ಊರಿಗೆ ಹೋದ, ಹುಣ್ಣು ಮಾಯ್ದ ಮೇಲೆ. ಮನೆಯ ಕಟ್ಟೆಗೆ ಒರಗಿ ಕೂತು ಹಗ್ಗ ಹೊಸೆಯುತ್ತ ಎಷ್ಟೋ ವರ್ಷ ಬದುಕಿದ. ಅಕ್ಕೋರು ಎರಡು ಸಲ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಬಂಡಿ ಹಿಡಿದು ಅವನ ಹಳ್ಳಿಗೆ ಹೋಗಿ ಬೆನ್ನು ನೋಡಿ ಬರೆದುಕೊಂಡು ಬಂದರು. ಈರಮ್ಮ ಹೊರಳಿಸುವುದನ್ನು ಬಿಟ್ಟಿರಲಿಲ್ಲವಂತೆ.

ಆಮೇಲೆ ನಮ್ಮ ದವಾಖಾನೆಗೆ ಬಂದ ಬೆನ್ನು ಮುರಿದವರಿಗೆ ಯಾರೂ ಎರಡು ತಿಂಗಳು ಎನ್ನಲಿಲ್ಲ. ಎಲ್ಲರೂ ಉಳಿಯಲಿಲ್ಲ, ಆದರೆ ಹುಣ್ಣಿನಿಂದ ಸಾಯುವವರು ಕಡಿಮೆಯಾದರು. ನಾನು ಹಿರಿಯ ನರ್ಸಾಗಿ, ನನ್ನ ಕೈಕೆಳಗೆ ಹುಡುಗಿಯರು ಬಂದು, ನಾನೂ "ಯಾರು ಹೇಳಿದ್ರು?" ಎಂದು ಅವರ ಜೀವ ತಿಂದೆ. ಆ ಎರಡು ಗೀಟಿನ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮಾನ್ವಿಯಲ್ಲಿ ಅಕ್ಕೋರು ಕೊನೆಗೆ ಇದ್ದದ್ದು ಅಣ್ಣನ ಸೊಸೆಯ ಹತ್ತಿರ. ಮಣ್ಣು ಮುಗಿಸಿ ಬಂದ ಮೇಲೆ ಅವಳು ನನ್ನನ್ನು ಅವರ ಕೋಣೆಗೆ ಕರೆದೊಯ್ದಳು. ಮಂಚದ ಪಕ್ಕದ ಗೋಡೆಯ ತುಂಬ ಇದ್ದಿಲ ಗೀಟು, ಸಾಲು ಸಾಲಾಗಿ, ಏಳು ತಿಂಗಳದ್ದು. ಬೆರಳಾಡಿಸುತ್ತ ಹೋದೆ. ಕೆಳಗಿನ ಸಾಲೊಂದರಲ್ಲಿ ಒಂದು ಜಾಗ ಖಾಲಿ ಇತ್ತು.

"ಅವತ್ತ ಸಂತಿಗಿ ಹೋಗಿದ್ನಿರೀ, ತಡಾ ಆತು" ಎಂದಳು ಸೊಸೆ. "ಹೋಗ್ಲಿ ಅಂತ ಗೀಟು ಎಳಿಯಾಕ ಹೋದ್ರ ಕೈ ಹಿಡಕೊಂಡ್ರು. ಮಾತು ನಿಲ್ಲಾಕ ಬಂದಿದ್ವು ನೋಡ್ರಿ ಆಗ, ಆದ್ರೂ ಕಷ್ಟಪಟ್ಟು ಹೇಳಿದ್ರು. ರಾಯಚೂರಾಗ ಒಂದು ಹುಡುಗಿ ಇದ್ಳು, ಡಾಕ್ಟ್ರ ಮುಂದ ನಿಂತು ಖರೆ ಹೇಳಿದ್ಳು, ನೀನೂ ಹಂಗ ಇರು ಅಂದ್ರು. ಯಾರ್ರೀ ಆಕಿ? ನಿಮಗೇನರ ಗೊತ್ತದ ಏನು?"

ಅವರು ಅರ್ಧ ಮಾತ್ರ ಹೇಳಿದ್ದರು. ಉಳಿದರ್ಧದ ಜಾಗ ಖಾಲಿ ಬಿಟ್ಟಿದ್ದರು, ಅದನ್ನು ತುಂಬಬೇಕಾದವಳು ನಾನು.

"ನಾನವ್ವಾ ಆಕಿ" ಎಂದೆ. "ಕೂಡು, ಹೇಳ್ತೀನಿ. ಮೊದಲು ಸುಳ್ಳು ಗೀಟು ಎಳದಾಕೀನೂ ನಾನ."